ಇನ್ನೂ ಬಾರದ ತಿಂಗಳುಗಳಲ್ಲಿ ಸಿಕ್ಕಿದ ಕ್ಯಾನ್‌ಗಳು

ಕೊರೋನಾದ ಗಲಾಟೆಯೆಲ್ಲ ತಣ್ಣಗಾದ ಮೇಲಿನ ಒಂದು ಮೇ ತಿಂಗಳು. ಒಮಾನಿನಲ್ಲಿ ಅದು ನನ್ನ ಕೊನೆಯ ವರ್ಷ. ಅಲ್ ಅಮೇರಾತ್‌ನಲ್ಲಿ ಕುಡಿಯುವ ನೀರಿನ ಕ್ಯಾನ್ ಸಪ್ಲೈ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಂಪ್ಯೂಟರ್ ಕಲಿತದ್ದು ಬೇರೆಯವರ ಪಕ್ಕದಲ್ಲಿ ನಿಂತು, ನೋಡಿ.

ಹಮ್ರಿಯಾ, ರೂವಿ ಕಡೆಗೆ ಹೋಗುವ ಗಾಡಿಯ ಡ್ರೈವರ್ ಶರೀಫ್. ಉಪ್ಪಿನಂಗಡಿ ಕಡೆಯ ಬ್ಯಾರಿ. ನಾನು ಕಾರ್ಕಳದವನು. ನನಗೆ ಊರಿನಿಂದ ಬರುತ್ತಿದ್ದ ಕನ್ನಡ ವಾರಪತ್ರಿಕೆಯನ್ನು ನನಗಿಂತ ಮೊದಲು ಅವನೇ ಓದಿ ಮುಗಿಸುತ್ತಿದ್ದ. ಬೇರೆ ಡ್ರೈವರ್‌ಗಳು ಅಂಗಡಿಗಳಿಗೆ ಕ್ಯಾನ್ ಇಳಿಸಿ ಸಹಿ ಹಾಕಿಸಿಕೊಂಡು ತರುತ್ತಿದ್ದ ಚೀಟಿಗಳನ್ನು ಕೇರಳದ ಕ್ಲರ್ಕ್ ತನ್ನ ಹಳೆಯ ಕಂಪ್ಯೂಟರಿನಲ್ಲಿ ಹಾಕುತ್ತಿದ್ದ. ಶರೀಫ್ ಬರುವಷ್ಟರಲ್ಲಿ ಕ್ಲರ್ಕ್ ಹೊರಟುಹೋಗಿರುತ್ತಿದ್ದ. ನಮ್ಮ ಊರ ಕಡೆಯವನಲ್ಲವೇ ಎಂದು ಅವನ ಚೀಟಿಗಳನ್ನು ನಾನೇ ನನ್ನ ಮೇಜಿನ ಮೇಲೆ ಆ ತಿಂಗಳಷ್ಟೇ ಹೊಸದಾಗಿ ಬಂದಿದ್ದ ಕಂಪ್ಯೂಟರಿನಲ್ಲಿ ಹಾಕಿಡುತ್ತಿದ್ದೆ. ಎರಡು ಕಂಪ್ಯೂಟರಿನ ಲೆಕ್ಕವೂ ಒಂದೇ ಕಡೆ ಸೇರುತ್ತಿತ್ತು.

ಹದಿನಾರನೇ ತಾರೀಖು ಬೆಳಿಗ್ಗೆ ಮ್ಯಾನೇಜರ್ ನಮ್ಮಿಬ್ಬರನ್ನೂ ಒಳಗೆ ಕರೆದರು. ಹೈದರಾಬಾದಿನವರು, ಹಿಂದಿಯಲ್ಲೇ ಮಾತು. ಕ್ಲರ್ಕನ ಕಂಪ್ಯೂಟರಿನಲ್ಲಿ ಒಂದನೇ ತಾರೀಖಿನಿಂದ ಹದಿನೈದರವರೆಗೆ ಎಂದು ಕೊಟ್ಟು ಲೆಕ್ಕ ತೆಗೆಸಿದ್ದರು. ಶರೀಫ್ ಗಾಡಿಗೆ ಏರಿಸಿದ ಕ್ಯಾನ್‌ಗಳ ಮೊತ್ತ, ಬೆಳಿಗ್ಗೆ ಕ್ಲರ್ಕೇ ಹಾಕಿದ್ದು, ಸರಿಯಿತ್ತು. ಅಂಗಡಿಗಳಿಗೆ ಇಳಿಸಿದ್ದರ ಮೊತ್ತ ಅದರ ಅರ್ಧವೂ ಇರಲಿಲ್ಲ.

"ಉಳಿದ ನೀರನ್ನು ನೀನೇ ಕುಡಿದೆಯಾ, ಅಥವಾ ಬೇರೆ ಅಂಗಡಿಗೆ ಮಾರಿದೆಯಾ?" ಎಂದು ಶರೀಫನನ್ನು ಕೇಳಿದ ಮ್ಯಾನೇಜರ್, ನನ್ನ ಕಡೆ ತಿರುಗಿದರು. "ಇವನ ಚೀಟಿಯೆಲ್ಲ ಹಾಕಿದ್ದೀಯಾ?"

"ಕೊಟ್ಟದ್ದೆಲ್ಲ ಹಾಕಿದ್ದೇನೆ ಸಾರ್" ಎಂದೆ. ಯೋಚನೆಯನ್ನೇ ಮಾಡಲಿಲ್ಲ.

"ಹಾಗಾದರೆ ಇವನೇ ಕೊಟ್ಟಿಲ್ಲ. ಮಧ್ಯಾಹ್ನ ಕಫೀಲ್ ಬರುತ್ತಾರೆ. ವೀಸಾ ಕ್ಯಾನ್ಸಲ್ ಪೇಪರಿಗೆ ಸಹಿ ಹಾಕಿಸುತ್ತೇನೆ. ಖಲಾಸ್."

ಕಫೀಲ್ ಎಂದರೆ ನಮ್ಮ ವೀಸಾಗಳ ಒಡೆಯ, ಕಂಪನಿಯ ಒಮಾನಿ ಮಾಲೀಕ. ಹೊರಗೆ ಬಂದದ್ದೇ ಶರೀಫ್ ನನ್ನ ತೋಳು ಹಿಡಿದ. "ಎಂತ ವಾಸಣ್ಣ ನೀವು ಹೇಳಿದ್ದು? ದಿನಾ ನಿಮ್ಮ ಕೈಗೇ ಕೊಟ್ಟದ್ದಲ್ವಾ? ಒಮ್ಮೆ ನೋಡಿ ಮಾರಾಯ್ರೆ. ಮಗಳು ನರ್ಸಿಂಗ್ ಸೇರಿ ಇನ್ನೂ ಒಂದು ವರ್ಷ ಆಗ್ಲಿಲ್ಲ. ನಾನು ಕಳ್ಳ ಅಂತ ಊರಿಗೆ ಹೋಗಿ ಅವಳಿಗೆ ಮುಖ ತೋರಿಸ್ಲಿಕ್ಕುಂಟಾ?"

"ನೋಡುವಾ" ಎಂದೆ. ಸತ್ಯ ಹೇಳಬೇಕೆಂದರೆ, ಆಗ ನನಗೂ ಅವನ ಮೇಲೆ ಅನುಮಾನ ಬಂದಿತ್ತು.

ಕಪಾಟಿನಿಂದ ಅವನ ಚೀಟಿಗಳ ಕಟ್ಟು ತೆಗೆದೆ. ಏಳನೇ ತಾರೀಖಿನ ಚೀಟಿ ಇತ್ತು, ಅಂಗಡಿಯವನ ಸಹಿಯೂ ಇತ್ತು. ಕ್ಲರ್ಕನ ಕಂಪ್ಯೂಟರಿನಲ್ಲಿ ಏಳನೇ ತಾರೀಖು ಕೊಟ್ಟು ನೋಡಿದರೆ ಸೊನ್ನೆ. ಎಂಟೂ ಸೊನ್ನೆ, ಒಂಬತ್ತೂ ಸೊನ್ನೆ. ಹದಿಮೂರರಿಂದ ಮುಂದೆ ಎಲ್ಲ ಸರಿ. ಅದಕ್ಕಿಂತ ಮೊದಲು ಐದನೇ ತಾರೀಖು ಮಾತ್ರ ಇತ್ತು. ಚೀಟಿ ನನ್ನ ಕೈಯಲ್ಲಿತ್ತು, ಹಾಕಿದ ನೆನಪೂ ಇತ್ತು. ಹಾಗಾದರೆ ಹಾಕಿದ್ದು ಹೋದದ್ದೆಲ್ಲಿಗೆ?

ಏನೂ ತೋಚದೆ ಜನವರಿಯಿಂದ ಡಿಸೆಂಬರಿನವರೆಗೆ ಎಂದು ಕೊಟ್ಟು ಗುಂಡಿ ಒತ್ತಿದೆ. ಕಳೆದುಹೋದ ಕ್ಯಾನ್‌ಗಳೆಲ್ಲ ಬಂದು ಕೂತವು. ಏಳನೇ ತಾರೀಖಿನದು ಜುಲೈ ಐದರಲ್ಲಿತ್ತು. ಎಂಟರದು ಆಗಸ್ಟ್ ಐದರಲ್ಲಿ, ಹನ್ನೆರಡರದು ಡಿಸೆಂಬರ್ ಐದರಲ್ಲಿ. ನನ್ನ ಹೊಸ ಕಂಪ್ಯೂಟರಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾನು ನಮ್ಮ ರೂಢಿಯಂತೆ ದಿನ ಮೊದಲು ಹೊಡೆದಿದ್ದೆ. ಹದಿಮೂರನೇ ತಿಂಗಳು ಎಂಬುದಿಲ್ಲವಾದ್ದರಿಂದ ಅಲ್ಲಿಂದ ಮುಂದಿನದನ್ನು ಅದು ತಾನೇ ತಿರುಗಿಸಿ ಸರಿಮಾಡಿಕೊಂಡಿತ್ತು. ಹಾಗೆ ತಿರುಗುವುದನ್ನು ನಾನು ಮೂರು ದಿನದಿಂದ ಕಣ್ಣಾರೆ ಕಂಡಿದ್ದೆ. ಹೊಸ ಮೆಷಿನ್‌ನ ಹಠ ಎಂದುಕೊಂಡು ಬಿಟ್ಟಿದ್ದೆ.

ನನ್ನ ತಪ್ಪೆಂದರೆ ನನ್ನ ಕೆಲಸ ಹೋಗುತ್ತದೆ. ವಯಸ್ಸಾದವನನ್ನು ಕಳಿಸಲು ಅವರಿಗೆ ನೆಪವೊಂದು ಸಾಕಿತ್ತು. ಸುಮ್ಮನಿದ್ದರೆ ಶರೀಫ್ ಹೋಗುತ್ತಾನೆ. ಕಿಟಕಿಯಾಚೆ ಅವನು ಖಾಲಿ ಕ್ಯಾನ್‌ಗಳ ನೆರಳಲ್ಲಿ ಕೂತು ನನ್ನ ಕಿಟಕಿಯನ್ನೇ ನೋಡುತ್ತಿದ್ದ. ನಾನು ಪರದೆ ಎಳೆದೆ. ಹೌದು, ಪರದೆ ಎಳೆದು ಹಾಗೇ ಕೂತೆ.

ಕಫೀಲನ ಕಾರು ಬಂದು ನಿಂತ ಸದ್ದಾಯಿತು. ಆಮೇಲೆ ಒಳಗಿನ ಕೋಣೆಯಲ್ಲಿ ಮ್ಯಾನೇಜರ್ ಪೇಪರ್ ತರಲು ಹೇಳುವುದು ಕೇಳಿಸಿತು. ಆಗ ಎದ್ದೆ. ಚೀಟಿಗಳ ಕಟ್ಟನ್ನು ಎದೆಗೆ ಒತ್ತಿ ಹಿಡಿದು ಒಳಗೆ ಹೋಗಿ, "ಸಾರ್, ಕಂಪ್ಯೂಟರಿನ ತಪ್ಪು. ಹೊಸ ಮೆಷಿನ್ ತಾರೀಖನ್ನು ತಿರುಗಿಸಿದೆ" ಎಂದೆ.

ಮ್ಯಾನೇಜರ್ ಚೀಟಿಗಳನ್ನು ಒಂದೊಂದಾಗಿ ತಾಳೆ ನೋಡಿದರು. ಎಲ್ಲ ಸರಿಹೋಯಿತು. ಕಫೀಲ್ ನಕ್ಕುಬಿಟ್ಟರು. "ಡಿಸೆಂಬರಿನ ನೀರನ್ನು ಮೇ ತಿಂಗಳಲ್ಲೇ ಹಂಚಿದ್ದಾನೆ. ಇಂಥ ಡ್ರೈವರನ್ನು ಕಳಿಸುವುದಾ? ಯಲ್ಲಾ, ಬೇಗ ಗಾಡಿ ತೆಗೆಯಲು ಹೇಳಿ." ಮೆಷಿನ್ ತಾನಾಗಿ ತಿರುಗಿಸಿತೇ, ಹೊಡೆದವನು ತಪ್ಪಾಗಿ ಹೊಡೆದನೇ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮರುದಿನ ಶರೀಫ್ ರೂವಿಯಿಂದ ಒಂದು ಡಬ್ಬಿ ಹಲ್ವಾ ತಂದ. "ನೀವು ಇಲ್ಲದಿದ್ರೆ ನಾನು ಇಷ್ಟೊತ್ತಿಗೆ ವಿಮಾನದಲ್ಲಿ ವಾಸಣ್ಣ" ಎಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಆ ಹಲ್ವಾವನ್ನು ನಾನು ಅವನೆದುರೇ ತಿಂದೆ.

ಈಗ ನಾನು ಊರಿನಲ್ಲಿದ್ದೇನೆ. ಶರೀಫ್ ಇನ್ನೂ ಅದೇ ಗಾಡಿ ಓಡಿಸುತ್ತಿದ್ದಾನೆ. ಕಳೆದ ಸಲ ರಜೆಯಲ್ಲಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. "ನನ್ನ ಮಾನ ಉಳಿಸಿದ ವಾಸಣ್ಣ ಇವ್ರೇ" ಎಂದು ತೋರಿಸಿದ. ಆ ಹುಡುಗಿ ಕೈಮುಗಿಯುವಾಗ ನನಗೆ ತಲೆ ಎತ್ತಲಾಗಲಿಲ್ಲ. ನನ್ನ ನಾಚಿಕೆಯನ್ನು ಅವಳು ವಿನಯ ಎಂದುಕೊಂಡಿರಬೇಕು.

ಅವನಿಗೆ ಫೋನಿನಲ್ಲಿ ಹೇಳಲು ಎಷ್ಟೋ ಸಲ ಹೊರಟೆ. "ಆರಾಮಾ ವಾಸಣ್ಣ?" ಎಂದು ಅವನು ಕೇಳಿದ ಕೂಡಲೇ ಊರಿನ ಮಳೆಯ ಸುದ್ದಿ ಹೇಳಿ ಫೋನ್ ಇಟ್ಟುಬಿಡುತ್ತೇನೆ. ಅಂದು ನನಗಿಂತ ಮೊದಲು ಅವನು ಓದುತ್ತಿದ್ದ ಈ ವಾರಪತ್ರಿಕೆಯನ್ನು ಈಗ ಅವನಿಗಾಗಿ ಇಲ್ಲಿಂದ ಕಳಿಸುವವನು ನಾನೇ. ಅವನು ಹಮ್ರಿಯಾದಲ್ಲೆಲ್ಲೋ ಗಾಡಿ ನಿಲ್ಲಿಸಿ, ಎಂದಿನಂತೆ ಮೊದಲ ಪುಟದಿಂದ ಓದುತ್ತಾ ಬಂದು ಈ ಪುಟಕ್ಕೂ ಬರುತ್ತಾನೆ. ಶರೀಫ್, ಆ ದಿನ ನಿನ್ನನ್ನು ಉಳಿಸಿದವನೂ ನಾನೇ, ಸಿಕ್ಕಿಸಿದವನೂ ನಾನೇ. ಇದನ್ನು ಓದಿದ ಮೇಲೆ ನೀನು ಫೋನ್ ಮಾಡದಿದ್ದರೆ ಅದೂ ಸರಿಯೇ. ಮಾಡಿದರೆ ಈ ಸಲ ಪೂರ್ತಿ ಹೇಳುತ್ತೇನೆ.