ಕಾಕಾನ ಬೇವಿನ ಮರದ ಸೀತಾಳಿ

ಆಗ ನನಗೆ ಇಪ್ಪತ್ತು. ರೋಣದ ನಮ್ಮ ಓಣಿಯಲ್ಲಿ ನಾನು ಅಣಕಿಸದ ಮನುಷ್ಯನೇ ಇರಲಿಲ್ಲ. ಮಾಸ್ತರರ ಕೆಮ್ಮು, ಮೊಸರು ಮಾರುವವಳ ಕೂಗು, ಕನ್ನಡಿಯ ಮುಂದೆ ನಿಂತರೆ ಉಬ್ಬುಹಲ್ಲಿನ ನನ್ನದೇ ನಗೆ. ಎಲ್ಲಕ್ಕಿಂತ ಚಲೋ ಬರುತ್ತಿದ್ದುದು ಎದುರುಮನೆ ಕಾಕಾನ ಮೂಗುಧ್ವನಿ. "ಮಗನ, ಸತ್ತ ಮ್ಯಾಲೂ ನೀ ನನ್ನ ಸುಮ್ಮನಿರಗೊಡೂದಿಲ್ಲ ಬಿಡು" ಎಂದು ಅವನೇ ಹೊಟ್ಟೆ ಹಿಡಿದು ನಗುತ್ತಿದ್ದ.

ಕಾಕಾನ ಅಂಗಳದ ಬೇವಿನ ಮರದಲ್ಲಿ ಸೀತಾಳಿ ಇತ್ತು. ಮಣ್ಣಿಲ್ಲದೆ ಕೊಂಬೆಗೆ ಅಂಟಿ, ಗಾಳಿಗೆ ಬೇರು ಬಿಟ್ಟು ಬದುಕುವ ಆರ್ಕಿಡ್. ಗಜೇಂದ್ರಗಡದ ಗುಡ್ಡದ ಬದಿಯ ಮಾವಿನ ಮರದಿಂದ ಅವನೇ ಕಿತ್ತು ತಂದಿದ್ದ. ವರ್ಷಕ್ಕೆ ಒಂದೇ ಸಲ, ಬಿಸಿಲು ಏರಿದ ಮೇಲೆ, ಬಿಳಿ-ನೇರಳೆ ಹೂವಿನ ಉದ್ದನೆಯ ಗೊನೆ ಇಳಿಬೀಳುತ್ತಿತ್ತು. ಎರಡು ವಾರ ಬಾಡುತ್ತಿರಲಿಲ್ಲ. ಓಣಿಗೆ ಓಣಿಯೇ ನೋಡಲು ಬರುತ್ತಿತ್ತು.

ಅಕ್ಕ ಮದುವೆಯಾಗಿ ನರಗುಂದಕ್ಕೆ ಹೊರಟ ದಿನ ಆ ಗೊನೆ ನೋಡುತ್ತ ನಿಂತಿದ್ದಳು. "ನನ್ನ ಕುಬಸಕ್ಕ ನೀ ಬೆಳೆಸಿದ ಹೂವಾ ತಂದು ಮುಡಸಬೇಕು ನೋಡು, ತಮ್ಮಾ. ಬರೇ ಬಾಯಿ ಬಡಕೊಂಡು ಬರಬ್ಯಾಡ" ಎಂದಳು. ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಸೀರೆ, ಕುಬಸ, ಹೂವು ಒಯ್ದು ಉಡಿ ತುಂಬುವುದು ನಮ್ಮಲ್ಲಿಯ ರೂಢಿ. ಆಗಲಿ ಅಂದೆ. ನನ್ನ ಧ್ವನಿಯಲ್ಲೇ ಅಂದೆ.

ಕಾಕಾ ಒಂದು ಮರಿಗಿಡ ಕೊಟ್ಟ. ಜೊತೆಗೆ ಉಪದೇಶವನ್ನೂ ಕೊಟ್ಟ. "ನೆರಳಾಗ ಇಡು. ಮುಂಜಾನಿ ಒಮ್ಮಿ, ಸಂಜಿ ಒಮ್ಮಿ ನೀರ ಹಾಕು. ಒಂದ ದಿನಾನೂ ತಪ್ಪಸಬ್ಯಾಡ."

ಮೂರು ವರ್ಷ ತಪ್ಪಿಸಲಿಲ್ಲ. ಹಿತ್ತಲ ಗೋಡೆಯ ನೆರಳಿನಲ್ಲಿ ಗಿಡವನ್ನು ತೂಗುಹಾಕಿ, ಚೊಂಬು ಹಿಡಿದು ಪೂಜಾರಿಯಂತೆ ನಿಲ್ಲುತ್ತಿದ್ದೆ. "ಗಿಡಕ್ಕ ದಿನಾ ಎರಡ ಸಲ ಎರೀತಿ, ನಿನ್ನ ಮೈಗೆ ವಾರಕ್ಕೊಮ್ಮಿ!" ಎಂದು ಅವ್ವ ಅನ್ನುತ್ತಿದ್ದಳು. ಎಲೆ ಬಂದವು, ಕತ್ತೆಕಿವಿಯಷ್ಟು ಉದ್ದ. ಹೂವು ಬರಲಿಲ್ಲ. "ನಿನ್ನ ಮಾರಿ ನೋಡಿ ಅಂಜೈತಿ" ಎಂದು ಕಾಕಾ ನಕ್ಕ. ನಾನೂ ನಕ್ಕೆ.

ಕನ್ನಡ ರಾಜ್ಯ ಒಂದಾದ ಮರುವರ್ಷ, ಅಕ್ಕ ಬಸುರಿ, ವೈಶಾಖದಲ್ಲಿ ಕುಬಸ ಎಂದು ಸುದ್ದಿ ಬಂತು. ಹೋಳಿ ಮುಗಿದಿತ್ತು. ಒಂದು ಮಧ್ಯಾಹ್ನ ಕಾಕಾ ಸಂತೆಗೆ ಹೋದದ್ದನ್ನು ನೋಡಿ, ಅವನ ಹೆಂಡತಿ ಕಾಕುವನ್ನು ಕಾಡಿಸೋಣವೆಂದು ಅವರ ಅಂಗಳಕ್ಕೆ ಹೋದೆ. ಬೇವಿನ ಮರದ ಕೆಳಗೆ ನಿಂತು ಗಂಡನ ಧ್ವನಿಯಲ್ಲಿ ಗದರಿಸಿದೆ: "ಏ ಇಕಿನ, ಸೀತಾಳಿಗೆ ನೀರ ಹಾಕೀಯೇನ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕು ಹೊರಗೆ ಬರದೆಯೇ ಉತ್ತರ ಕೊಟ್ಟಳು. "ಏನ್ ಮರವು ಬಂತ್ರಿ ನಿಮಗ? ಚಳಿಗಾಲದಿಂದ ಉಗಾದಿ ತನಕಾ ಹನಿ ನೀರ ಸೈತ ಮುಟ್ಟಸಬ್ಯಾಡ, ಮುಂಜಾನಿ ಬಿಸಲ ಬಡೀಲಿ, ಒಣಗಿದ್ರನ ಹೂ ಬಿಡತೈತಿ ಅಂತ ನೀವ ಹೇಳೀರಿ. ಎರಡ ಹೊತ್ತ ನೀರ ಹಾಕೂದು ಎದುರುಮನಿ ಹುಡುಗಗ ಹೇಳಿದ್ದು. ಅವರ ಮನ್ಯಾಗೂ ಅರಳಿದ್ರ ನಮ್ಮ ಅಂಗಳಕ್ಕ ಯಾರ ಬರತಾರ ಅಂತ ನೀವ ಅಂದಿದ್ರಲ್ಲ?"

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ನಾನು ತುದಿಗಾಲಲ್ಲಿ ಹೊರಗೆ ಬಂದೆ. ಆ ಸಂಜೆ ಚೊಂಬು ಮುಟ್ಟಲಿಲ್ಲ. ಆದರೆ ಚಳಿಗಾಲ ಕಳೆದುಹೋಗಿತ್ತು, ವೈಶಾಖಕ್ಕೆ ಒಂದೂವರೆ ತಿಂಗಳೂ ಉಳಿದಿರಲಿಲ್ಲ.

ಕುಬಸದ ದಿನ ನರಗುಂದದ ಪಡಸಾಲೆಯಲ್ಲಿ ಕಾಕಾನೂ ಬಂದು ಕೂತಿದ್ದ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೊನೆಯನ್ನು ಕಾಕು ಅಕ್ಕನ ಹೆರಳಿಗೆ ಸಿಗಿಸಿದಳು. ಅಕ್ಕ ನನ್ನ ಕಡೆ ನೋಡಿ, "ನಿಂದು?" ಎಂದಳು. ನಾನು ತಲೆಯಲ್ಲಾಡಿಸಿ ಇಲ್ಲವೆಂದೆ. "ಹೋಗ್ಲಿ ಬಿಡೋ" ಎಂದು ಅಕ್ಕ ಮಾತು ಹಾರಿಸಿದಳು. ಆ ದನಿಯನ್ನು ಮಾತ್ರ ನಾನು ಇಂದಿಗೂ ಅಣಕಿಸಿಲ್ಲ.

ಆರತಿಯ ನಂತರ ಹೆಂಗಸರು ದುಂಬಾಲು ಬಿದ್ದರು. "ಕಾಕಾನ್ನ ಮಾಡೋ, ಕಾಕಾನ್ನ ಮಾಡು!" ಕಾಕಾ ಮುಂದೆಯೇ ಕೂತು, ನಗಲು ಮುಂಚಿತವಾಗಿಯೇ ಹೊಟ್ಟೆ ಹಿಡಿದಿದ್ದ.

ನಾನು ಎದ್ದು ನಿಂತು ಮೂಗಿನಿಂದ ಧ್ವನಿ ತೆಗೆದೆ. "ನೆರಳಾಗ ಇಡು. ಮುಂಜಾನಿ ಒಮ್ಮಿ, ಸಂಜಿ ಒಮ್ಮಿ ನೀರ ಹಾಕು. ಒಂದ ದಿನಾನೂ ತಪ್ಪಸಬ್ಯಾಡ."

ಪಡಸಾಲೆಯೆಲ್ಲ ನಕ್ಕಿತು. "ಥೇಟ್ ಕಾಕಾನ!" ಎಂದು ಅಕ್ಕ ನಕ್ಕಾಗ ಹೆರಳಿನ ಗೊನೆ ಅಲ್ಲಾಡಿತು. ಕಾಕು ಮಾತ್ರ ನನ್ನನ್ನು, ಆಮೇಲೆ ಗಂಡನನ್ನು ನೋಡಿದಳು. ಕಾಕಾ ಹೊಟ್ಟೆಯ ಮೇಲಿನ ಕೈ ತೆಗೆದು, ಧೋತರದ ಅಂಚನ್ನು ಮಡಚುತ್ತ ಕೂತ.