ಓನರು ಬರೆಸಿ ಅಳಿಸಿದ ಮಾತು

ಕೆಮ್ಮು ಹಿಡಿದು ಬಿಡಲಿಲ್ಲವೆಂದು ಮೊನ್ನೆ ಕುಂದಾಪುರದ ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಡಬ್ಬದಿಂದ ಜೇಷ್ಠಮಧುವಿನ ಕಡ್ಡಿಗಳನ್ನು ಕಾಗದದ ಮೇಲೆ ಸುರಿದ. ಹಳೆಯ ಮಾಲು ದಾಟಿಸುತ್ತಿದ್ದಾನೋ ಏನೋ ಎಂದು ಒಂದನ್ನು ಎತ್ತಿ ಮೂಸಿದೆ. ಸಿಹಿಯೂ ಮಣ್ಣೂ ಕಲೆತ ಆ ವಾಸನೆ ಮೂಗಿಗೆ ಬಂದದ್ದೇ ತಡ, ಓನರು ನೆನಪಾದರು. ಪೊಟ್ಟಣ ಕಟ್ಟಿಸಿಕೊಂಡು ಬಸ್ಸು ಹತ್ತಿದರೂ ಬ್ರಹ್ಮಾವರದ ತನಕ ಅವರದೇ ಯೋಚನೆ...

ಓನರು ಅಂದರೆ ನನ್ನ ಅಂಗಡಿ ಇರುವ ಕಟ್ಟಡದ ಯಜಮಾನರು. ತೊಂಬತ್ತೇಳರಲ್ಲಿ ಮದುವೆಯಾಗಿ ಬೈಂದೂರಿನಿಂದ ಬ್ರಹ್ಮಾವರಕ್ಕೆ ಬಂದ ನಾನು ಅವರ ಕಟ್ಟಡದಲ್ಲಿ ಒಂದು ಕೋಣೆ ಹಿಡಿದು ಟೈಪಿಂಗ್ ಕ್ಲಾಸು ಶುರುಮಾಡಿದೆ. ಆಮೇಲೆ ಕಂಪ್ಯೂಟರು ಬಂತು, ಜೆರಾಕ್ಸ್ ಬಂತು, ಮದುವೆ ಕಾಗದ ಅಚ್ಚಿಗೆ ಸಿದ್ಧಮಾಡುವ ಕೆಲಸ ಬಂತು. ಊರವರ ಬಾಯಲ್ಲಿ ಮಾತ್ರ ನಾನು ಟೈಪಿಂಗ್ ಟೀಚರಾಗಿಯೇ ಉಳಿದೆ. ಪಕ್ಕದ ಕೋಣೆಯಲ್ಲಿ ಅವರದೇ ಹಾರ್ಡ್‌ವೇರ್ ಅಂಗಡಿ, ಮೊಳೆ, ಪೈಪು, ಪೇಂಟಿನ ಡಬ್ಬಗಳು. ಬಾಡಿಗೆ ಏರಿಸುವ ಮಾತನ್ನು ಅವರು ತಾವಾಗಿ ಯಾವತ್ತೂ ಎತ್ತಲಿಲ್ಲ. ಬೇರೆಯವರಾದರೆ ಪುಣ್ಯಾತ್ಮ ಅಂದುಕೊಳ್ಳುತ್ತಿದ್ದರು. ನನಗೆ ಅದೇ ಅನುಮಾನ. ಕಿವಿರು ಎತ್ತಿ ಕೆಂಪು ನೋಡದೆ ನನ್ನಮ್ಮ ಒಂದು ಬಂಗುಡೆ ಮೀನನ್ನೂ ಬುಟ್ಟಿಗೆ ಹಾಕಿಸಿಕೊಂಡವಳಲ್ಲ. ಅವಳ ಮಗಳು ನಾನು. ಈ ಮನುಷ್ಯ ಏನೋ ಲೆಕ್ಕ ಹಾಕಿಕೊಂಡೇ ಸುಮ್ಮನಿದ್ದಾರೆ ಎಂದು ಬಹಳ ಕಾಲ ಕಾಯುತ್ತಿದ್ದೆ.

ಓನರಿಗೆ ಇದ್ದ ಚಟ ಒಂದೇ, ತಾಳಮದ್ದಳೆ. ಯಕ್ಷಗಾನವೇ, ಆದರೆ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಾತ್ರ ವಹಿಸಿದವರು ಪಂಚೆ, ಶಾಲು ಹೊದ್ದು ಎದುರುಬದುರು ಕುಳಿತು ಆ ಪದ್ಯವನ್ನು ಹಿಡಿದುಕೊಂಡು ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದ ಮಾಡುತ್ತಾರೆ. ಶನಿವಾರ ಸಂಜೆ ಭಜನಾ ಮಂದಿರದಲ್ಲಿ ಕೂಟ. ಗಂಟಲು ಕೈಕೊಡಬಾರದೆಂದು ಓನರ ದವಡೆಯಲ್ಲಿ ಯಾವಾಗಲೂ ಜೇಷ್ಠಮಧುವಿನ ಚೂರು. ಅವರ ಎದುರು ಕೂರುತ್ತಿದ್ದವರು ಮೊಕ್ತೇಸರರು. ಊರಿನ ಒಂದು ಸಣ್ಣ ದೇವಸ್ಥಾನದ ಆಡಳಿತ ನೋಡಿಕೊಳ್ಳುವವರು, ಓನರ ಜೊತೆ ಒಂದೇ ಬೆಂಚಿನಲ್ಲಿ ಶಾಲೆ ಕಲಿತವರು.

ಒಂದು ಶನಿವಾರ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಧರ್ಮ ಅಂದರೆ ಏನು ಎಂಬ ಒಂದೇ ಮಾತಿನ ಮೇಲೆ ಇಬ್ಬರೂ ಅರ್ಧ ಸಂಜೆ ಎಳೆದಾಡಿದರು. ಒಬ್ಬರು ಒಂದು ಅರ್ಥ ಹೇಳಿದರೆ ಇನ್ನೊಬ್ಬರು ಅದನ್ನೇ ಮಗುಚಿ ಹಾಕುವುದು, ನೀನು ಹೇಡಿ ಅನ್ನುವುದು, ನಿನ್ನ ಕುಲವೇ ಅಂಥದ್ದು ಅನ್ನುವುದು. ಮೊಕ್ತೇಸರರ ಮುಖ ಕೆಂಪಾಗಿತ್ತು. ಇವತ್ತು ಇಲ್ಲಿ ಹೊಡೆದಾಟ ಖಂಡಿತ ಎಂದು ನಾನು ಚಪ್ಪಲಿ ಎಲ್ಲಿದೆ ಎಂದು ನೋಡಿಕೊಂಡೆ. ಅಷ್ಟರಲ್ಲಿ ಭಾಗವತರು ಮಂಗಳ ಹಾಡಿದರು. ಎಲ್ಲರೂ ಎದ್ದು ಕೈಮುಗಿದು, ಅವಲಕ್ಕಿ ತಿಂದು ಚಾ ಕುಡಿದರು. ಓನರ ಸ್ಕೂಟರಿನ ಹಿಂದೆ ಮೊಕ್ತೇಸರರು ಹತ್ತಿ ಕುಳಿತರು, ಇಬ್ಬರೂ ನಗುತ್ತ ಹೋದರು. ಮುಂದಿನ ವಾರ ಪಾತ್ರ ಅದಲುಬದಲು. ಇವತ್ತು ದೇವರ ಪರ ಮಾತಾಡಿದವರು ಅವತ್ತು ರಾಕ್ಷಸನ ಪರ. ಎರಡೂ ಕಡೆಗೆ ಇಷ್ಟು ಚೆನ್ನಾಗಿ ಮಾತಾಡಬಲ್ಲವರನ್ನು ನಂಬುವುದಾದರೂ ಹೇಗೆ ಎಂದು ಮನೆಗೆ ಬಂದು ಗಂಡನನ್ನು ಕೇಳಿದೆ. ಅವರು ಟಿವಿಯ ಚಾನೆಲ್ ಬದಲಿಸಿದರು.

ಮುಂದೆ ಎಲ್ಲರ ಕೈಗೂ ದೊಡ್ಡ ಪರದೆಯ ಫೋನು ಬಂತು. ಊರಿನ ಹೆಸರಿನಲ್ಲಿ ಜಾಲತಾಣದಲ್ಲಿ ಒಂದು ಗ್ರೂಪು ಹುಟ್ಟಿತು. ಮೊದಮೊದಲು ಕಳೆದುಹೋದ ದನ, ರಕ್ತ ಬೇಕಾಗಿದೆ, ಇಂಥ ಕಡೆ ಕರೆಂಟಿಲ್ಲ ಅಂತಿದ್ದದ್ದು ಚುನಾವಣೆ ಹತ್ತಿರ ಬಂದ ಹಾಗೆ ಪಕ್ಷದ ಮಾತಿಗೆ ತಿರುಗಿತು. ಮೊಕ್ತೇಸರರು ಅದರಲ್ಲಿ ದಿನಾ ಬೆಳಿಗ್ಗೆ ಉದ್ದುದ್ದ ಬರೆಯುತ್ತಿದ್ದರು. ನಾಲ್ಕು ಸಾಲಿನ ರಸ್ತೆ, ದೇಶದ ಅಭಿವೃದ್ಧಿ, ಅವರು ಒಪ್ಪಿದ ಪಕ್ಷ. ಕೆಳಗೆ ಹುಡುಗರೆಲ್ಲ ಹೆಬ್ಬೆರಳು ಎತ್ತಿ ಸೈ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಓನರು ಫೋನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದು ಕುರ್ಚಿ ಎಳೆದರು. "ಟೀಚರ್, ಕಾಣಿ ಇಲ್ಲಿ. ಅವ ಒಬ್ನೇ ಮಾತಾಡ್ತಾ ಇದ್ದ. ಎದುರ್ ಕೂಕಂಬುಕೆ ಒಬ್ರೂ ಇಲ್ಲ, ಪಾಪ."

ಮೊಳೆ ಎಣಿಸಿ ದಪ್ಪಗಾದ ಅವರ ಬೆರಳಿಗೆ ಫೋನಿನ ಅಕ್ಷರ ಸಿಗುತ್ತಿರಲಿಲ್ಲ. ಅವರು ಹೇಳುವುದು, ನಾನು ಟೈಪು ಮಾಡುವುದು ಎಂದಾಯಿತು. ಮೊದಲ ದಿನವೇ ಅಭಿವೃದ್ಧಿ ಅಂದರೆ ಎಂತ ಎಂದು ಹಿಡಿದರು. ವೃದ್ಧಿ ಅಂದರೆ ಮಗು ಹುಟ್ಟಿದ ಮೈಲಿಗೆಯೂ ಹೌದಲ್ಲ, ನಿಮ್ಮ ರಸ್ತೆ ಇನ್ನೂ ಹೆರಿಗೆ ಕೋಣೆಯಲ್ಲೇ ಇದೆಯಲ್ಲ ಅಂದರು. ಮೊಕ್ತೇಸರರು ಖುಷಿಯಿಂದ ಸಂಸ್ಕೃತ ಎತ್ತಿಕೊಂಡು ಬಂದರು. ರಸ್ತೆ ರಸ್ತೆಯ ಪಾಡಿಗೆ ಉಳಿಯಿತು, ಮೂರು ದಿನ ಬರೀ ಆ ಶಬ್ದದ ಮೇಲೆ ಜಗಳ. ಆಮೇಲೆ ಮೊಕ್ತೇಸರರ ಕಡೆಯ ಹುಡುಗರು ಓನರನ್ನು ಗಂಜಿ ಗಿರಾಕಿ, ಅಂದರೆ ಪುಕ್ಕಟೆ ಗಂಜಿಗಾಗಿ ಮಾತಾಡುವವ, ಅಂದರು. ಓನರು ಗಂಜಿಯನ್ನೇ ಹಿಡಿದು ಕೂತರು. ಕುಚ್ಚಲಕ್ಕಿ ಗಂಜಿ ಉಣ್ಣದವರು ಕುಂದಾಪುರದಿಂದ ಬ್ರಹ್ಮಾವರದ ತನಕ ಯಾರಿದ್ದೀರಿ, ಕೈ ಎತ್ತಿ ಎಂದು ಬರೆಸಿದರು. ಇನ್ನೊಂದು ಪಕ್ಷದವರಿಗೆ ಇದು ಹಬ್ಬ. ಅವರೆಲ್ಲ ಓನರ ಬೆನ್ನಿಗೆ ಬಂದು ನಿಂತರು.

ನನ್ನ ಅನುಮಾನ ಆಗ ಬಲವಾಯಿತು. ಈ ವಯಸ್ಸಿನಲ್ಲಿ ಸುಮ್ಮನೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಮಗನ ಕೈಯಲ್ಲಿ ಟೈಪು ಮಾಡಿಸುವುದು ಬಿಟ್ಟು ನನ್ನ ಹತ್ತಿರ ಯಾಕೆ ಬರುತ್ತಾರೆ? ನಾಳೆ ಏನಾದರೂ ಆದರೆ ಬರೆದವಳು ಟೀಚರ್ ಅನ್ನಲಿಕ್ಕಾ? ಒಮ್ಮೆ ಬಿಳಿ ಕಾರೊಂದು ಅವರ ಅಂಗಡಿಯ ಮುಂದೆ ನಿಂತು, ಇಳಿದವನು ಒಂದು ಪೆಟ್ಟಿಗೆ ಕೊಟ್ಟು ಹೋದ. ನಾನು ಜೆರಾಕ್ಸ್ ಕಾಗದ ತರುವ ನೆಪದಲ್ಲಿ ಹೋಗಿ ಇಣುಕಿದೆ. ಪೇಂಟು ಕಂಪೆನಿಯವರು ಕೊಟ್ಟ ಗೋಡೆ ಗಡಿಯಾರ. ಆದರೂ ಸಮಾಧಾನವಾಗಲಿಲ್ಲ. ನೀವು ನಿಜವಾಗಿ ಯಾವ ಪಕ್ಷ ಎಂದು ನೇರವಾಗಿಯೇ ಕೇಳಿದೆ. "ಎದುರ್ ಪಕ್ಷ," ಅಂದರು. ಯಾರ ಎದುರು ಎಂದು ಕೇಳಿದರೆ ನಕ್ಕು ಎದ್ದುಹೋದರು.

ಕೆಟ್ಟದ್ದು ಆದದ್ದು ಭಕ್ತ ಅನ್ನುವ ಶಬ್ದದಲ್ಲಿ. ಜಾಲತಾಣದಲ್ಲಿ ಆಗ ಅದು ಪಕ್ಷವನ್ನು ಕಣ್ಣುಮುಚ್ಚಿ ನಂಬುವವರಿಗೆ ಹಾಕುವ ಬೈಗುಳವಾಗಿತ್ತು. ಯಾರೋ ಮೊಕ್ತೇಸರರನ್ನು ಹಾಗೆ ಅಂದದ್ದಕ್ಕೆ ಅವರು, ಭಕ್ತನೆಂದರೆ ನನಗೆ ಹೆಮ್ಮೆ, ಅದರ ಅರ್ಥ ಗೊತ್ತಿದ್ದವರು ಹೇಳಲಿ ಎಂದು ಬರೆದರು. ಓನರು ಅದನ್ನು ಓದಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಜೇಷ್ಠಮಧುವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಕೂಟದ ದನಿಯಲ್ಲಿ ಬರೆಸಿದರು: ಭಕ್ತನೆಂದರೆ ಯಾರು? ದೇವರ ಎದುರು ಕೈ ಮುಗಿಯುವವನೋ, ದೇವರ ಹುಂಡಿಯ ಎದುರು ಕೈ ಮುಗಿಯುವವನೋ?

ಇದನ್ನು ಹಾಕುವುದಾ ಎಂದು ಕೇಳಿದೆ. "ಹಾಕಿ. ಇದ್ಕೆ ಅವ ಎಂತ ಹೇಳ್ತ ಕಾಂಬ," ಅಂದರು. ಒಳ್ಳೆಯ ಊಟ ಬಡಿಸಿ ಕಾಯುವವರ ಮುಖ ಅವರದು.

ಮಂದಿರದಲ್ಲಾಗಿದ್ದರೆ ಜನ ನಗುತ್ತಿದ್ದರು, ಮೊಕ್ತೇಸರರು ಅದಕ್ಕಿಂತ ಹರಿತವಾದದ್ದು ಒಂದು ಹೇಳುತ್ತಿದ್ದರು. ಇಲ್ಲಿ ಓದಿದವರಲ್ಲಿ ಅರ್ಧಕ್ಕರ್ಧ ಜನ ತಾಳಮದ್ದಳೆ ಕಂಡವರೇ ಅಲ್ಲ. ಮೊಕ್ತೇಸರರು ಹುಂಡಿಗೆ ಕೈ ಹಾಕಿದ್ದಾರಂತೆ, ಜೀವದ ಗೆಳೆಯನೇ ಹೇಳಿದ್ದಾನಂತೆ ಎಂದು ಸುದ್ದಿಯಾಯಿತು. ಮೊಕ್ತೇಸರರ ಮಗ ಸಿಟ್ಟಿನಲ್ಲಿ ಉತ್ತರ ಬರೆದ. ಅದಕ್ಕೆ ಇನ್ನೊಬ್ಬ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಬರೆದ. ಓನರು ಓಡಿಬಂದು ತಾವು ಬರೆಸಿದ ಹುಂಡಿಯ ಮಾತನ್ನು ಅಳಿಸಿಸಿದರು. ಅಳಿಸಿದ್ದೇ ತಪ್ಪಾಯಿತು. ಅಳಿಸಿದ್ದಾರೆ ಅಂದರೆ ಒಳಗೆ ಏನೋ ಉಂಟು ಅಂದರು. ಅದರ ಫೋಟೋ ಆಗಲೇ ಬೈಂದೂರಿನ ನನ್ನ ತಮ್ಮನ ಫೋನಿಗೂ ಹೋಗಿತ್ತು. ಅದು ಪಾತ್ರದ ಮಾತು, ನನ್ನ ಮಾತಲ್ಲ ಎಂದು ಓನರು ಇನ್ನೊಂದು ಬರೆಸಿದರು. ಪಾತ್ರ ಕೊಟ್ಟವರು ಯಾರು, ಸಂಭಾವನೆ ಎಷ್ಟು ಎಂದು ಕೇಳಿದರು ಜನ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು.

ಮೊಕ್ತೇಸರರು ಒಂದಕ್ಷರ ಬರೆಯಲಿಲ್ಲ. ದೇವಸ್ಥಾನದ ಕೀಲಿಕೈ ಗೊಂಚಲನ್ನು ತಾವಾಗಿ ಬೇರೆಯವರ ಕೈಗೆ ಕೊಟ್ಟುಬಿಟ್ಟರು. ಶನಿವಾರ ಬರುವುದು ನಿಲ್ಲಿಸಿದರು. ಓನರು ಒಮ್ಮೆ ಅವರ ಮನೆಗೆ ಹೋದರೆ, ಮಗ ಜಗುಲಿಯಲ್ಲೇ ನಿಂತು ಅಪ್ಪಯ್ಯ ಮಲಗಿದ್ದಾರೆ ಅಂದನಂತೆ. ಒಳಗೆ ಮೊಕ್ತೇಸರರು ಕೆಮ್ಮಿದ್ದು ಇವರಿಗೆ ಕೇಳಿಸಿತಂತೆ. ಅದನ್ನು ಹೇಳುವಾಗ ಓನರು ನನ್ನ ಮುಖ ನೋಡಲಿಲ್ಲ. "ಇದ್ರಗೆ ಮಂಗಳ ಹಾಡುವರೇ ಇಲ್ಲ, ಟೀಚರ್," ಅಂದರು. ಕೂಟಕ್ಕೆ ಬೇರೆಯವರನ್ನು ಕರೆಸಿ ಕೂರಿಸಿದರು, ಸರಿಬರಲಿಲ್ಲ. ಆಮೇಲೆ ಮಂದಿರಕ್ಕೆ ಶನಿವಾರ ಯೋಗದ ಕ್ಲಾಸಿನವರು ಬಂದರು...

ಅವರು ಕೊನೆಯ ಸಲ ನನ್ನ ಅಂಗಡಿಗೆ ಬಂದದ್ದು ಒಂದು ಮಳೆಗಾಲದ ಮಧ್ಯಾಹ್ನ. ಎದೆಯ ಕಾಯಿಲೆಯಿಂದ ಸೊರಗಿದ್ದರು, ಎರಡು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು. ಫೋನು ನನ್ನ ಕೈಗೆ ಕೊಟ್ಟು ಬರೆಯಿರಿ ಅಂದರು. ಮತ್ತೆ ಶುರುವಾಯಿತಲ್ಲ ದೇವರೇ ಎಂದು ನನಗೆ ರೇಗಿತು. ಆದರೆ ಅವರ ಬಾಯಿಂದ ಬಂದ ಮಾತು ಅವರದ್ದಾಗಿರಲಿಲ್ಲ. "ಇರಲಿ" ಎಂದು ಶುರುಮಾಡಿದರು. ಮೊಕ್ತೇಸರರು ಕೂಟದಲ್ಲಿ ಪ್ರತಿ ಉತ್ತರವನ್ನೂ ಶುರುಮಾಡುತ್ತಿದ್ದದ್ದು ಹಾಗೆ. ದನಿಯೂ ಅವರದ್ದೇ, ಸ್ವಲ್ಪ ಮೂಗಿನಲ್ಲಿ.

ಇರಲಿ. ಹುಂಡಿಯ ಎದುರು ನಾನು ಕೈ ಮುಗಿದದ್ದು ಹೌದು. ಅದರೊಳಗೆ ಬಡವರು ಹಾಕಿದ ನಂಬಿಕೆ ಇದೆ, ಅದಕ್ಕೆ ಮುಗಿದೆ. ಕೀಲಿಕೈ ನನ್ನ ಸೊಂಟದಲ್ಲಿದ್ದೂ ಅದು ನನ್ನದೆಂದು ಒಂದು ದಿನವೂ ಅನಿಸಲಿಲ್ಲ, ಅದಕ್ಕೇ ನಾನು ಭಕ್ತ. ನಿನ್ನ ಸೊಂಟದಲ್ಲಿ ಯಾರ ಕೀಲಿಕೈ ಇದೆ, ಹೇಳು.

ನಾನು ಟೈಪು ಮುಗಿಸಿ ತಲೆಯೆತ್ತಿದೆ. ಓನರು ಕಣ್ಣು ಮುಚ್ಚಿಕೊಂಡಿದ್ದರು. "ಅವ ಹೀಂಗ್ ಹೇಳ್ಕಿತ್ತ್," ಅಂದರು. ಮೊಕ್ತೇಸರರು ಅವತ್ತು ಕೊಡಬೇಕಾಗಿದ್ದ ಉತ್ತರ ಅದು. "ಹೇಳಿರೆ ನಾನ್ ಸೋಲ್ತಿದ್ದೆ. ಇಬ್ರೂ ಚಾ ಕುಡಿತಿದ್ದೊ."

ಹಾಕುವುದಾ ಎಂದು ಕೇಳಿದೆ. "ಬ್ಯಾಡ, ಅಳ್ಸಿ. ಅವನ್ ಮಾತ್ ನಾನ್ ಹೇಳುಕಾಗ."

ಅಳಿಸಿದೆ. ಅವರ ಕಣ್ಣೆದುರೇ ಒಂದೊಂದಕ್ಷರವಾಗಿ ಅಳಿಸಿದೆ. ಇಷ್ಟು ವರ್ಷದಲ್ಲಿ ನನಗೆ ಅವರ ಮೇಲೆ ಅನುಮಾನವಿಲ್ಲದೆ ಹೋದದ್ದು ಆ ಮಧ್ಯಾಹ್ನ. ಕದ್ದವನೆಂದು ನಂಬಿದ ಮನುಷ್ಯನ ಬಾಯಿಗೆ ಯಾರೂ ಅಂಥ ಮಾತು ಇಡುವುದಿಲ್ಲ.

ಆ ಮಳೆಗಾಲ ಮುಗಿಯುವ ಮೊದಲೇ ಓನರು ತೀರಿಕೊಂಡರು. ಗ್ರೂಪಿನಲ್ಲಿ ಎರಡೂ ಕಡೆಯವರು ಅವರ ಫೋಟೋ ಹಾಕಿದರು. ಒಬ್ಬರು ಅವರು ನಮ್ಮವರು ಅಂದರು, ಇನ್ನೊಬ್ಬರು ಕೊನೆಗೆ ನಮ್ಮ ಕಡೆ ಬಂದಿದ್ದರು ಅಂದರು. ಯಾರೋ ನಿಷ್ಪಕ್ಷಪಾತಿ ಎಂದು ಬರೆದರು. ಹಾಗೆಂದರೆ ಏನು ಎಂದು ಕೆಳಗೆ ಜಗಳ. ಹೆಣ ಇನ್ನೂ ಮನೆಯಲ್ಲಿತ್ತು. ನಾನು ಆ ಗ್ರೂಪಿನಿಂದ ಹೊರಗೆ ಬಂದೆ.

ಮೊಕ್ತೇಸರರು ಮಣ್ಣಿಗೂ ಬರಲಿಲ್ಲ, ಉತ್ತರಕ್ರಿಯೆಯ ಬೊಜ್ಜಕ್ಕೂ ಬರಲಿಲ್ಲ. ಅವೆಲ್ಲ ಮುಗಿದ ಮೇಲೆ ಒಂದು ದಿನ ರೇಶನ್ ಕಾರ್ಡಿನ ಜೆರಾಕ್ಸಿಗೆಂದು ನನ್ನ ಅಂಗಡಿಗೆ ಬಂದರು. ಪ್ರತಿ ತೆಗೆದುಕೊಟ್ಟರೂ ಹೋಗಲಿಲ್ಲ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳಿದರು. "ಅವ ನನ್ನ್ ಕಳ್ಳ ಅಂದ್ಕಂಡೇ ಬರ್ಸದ್ದಾ? ನಿಮ್ಗ್ ಒಬ್ರಿಗೇ ಗೊತ್ತಿಪ್ಪುದ್."

ನಾನು ಇಲ್ಲ ಅಂದೆ. ಆ ಮಧ್ಯಾಹ್ನ ನಡೆದದ್ದನ್ನೆಲ್ಲ ಹೇಳಿದೆ. ಓನರು ಬರೆಸಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ, "ಇರಲಿ" ಇಂದ ಹಿಡಿದು. ಅವರು ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಅಂತೂ ಇವರ ಎದೆಯ ಭಾರ ಇಳಿಯಿತು ಎಂದು ನನಗೆ ಸಂತೋಷವೇ ಆಗಿತ್ತು.

"ಎಲ್ಲಿತ್ತ್ ಅದ್? ಕಾಣ್ಸಿ."

"ಅಳ್ಸಿದೆ. ಅವ್ರೇ ಅಳ್ಸುಕ್ ಹೇಳಿರ್."

ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಆ ನೋಟ ನನಗೆ ಹೊಸದಲ್ಲ. ನಾನು ಲೋಕವನ್ನೆಲ್ಲ ಹಾಗೇ ನೋಡಿದವಳು. ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, "ಅಡ್ಡಿಲ್ಲ," ಅಂದರು. "ನೀವ್ ಅವ್ನ್ ಕಟ್ಟಡದಗೆ ಇಪ್ಪೋರಲ್ದಾ. ಹಾಂಗೇ ಹೇಳ್ಕಾತ್ತ್."

ಬಾಡಿಗೆಗೆ ಇರುವವಳು ಹಾಗೆಯೇ ಹೇಳಬೇಕಾಗುತ್ತದೆ ಎಂದು ಅವರ ಲೆಕ್ಕ. ನಾನು ಅವರ ಹಿಂದೆ ಮೆಟ್ಟಿಲಿನ ತನಕ ಹೋದೆ. ಆಣೆ ಇಡಬಹುದಿತ್ತು. ಆಣೆ ಇಟ್ಟವರನ್ನು ನಾನೇ ಯಾವತ್ತೂ ನಂಬಿದ್ದಿಲ್ಲ, ಇಡದೆ ಒಳಗೆ ಬಂದೆ.

ಹಾರ್ಡ್‌ವೇರ್ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ. ಓನರ ಮಗ ವರ್ಷವರ್ಷವೂ ಬಾಡಿಗೆ ಏರಿಸುತ್ತಾನೆ. ಮೊಕ್ತೇಸರರಿಗೆ ವಯಸ್ಸಾಗಿದೆ, ಔಷಧಿಗೆಂದು ಕುಂದಾಪುರಕ್ಕೆ ಹೋಗುವ ದಿನ ನಮ್ಮ ಕಟ್ಟಡದ ಎದುರೇ ಬಸ್ಸಿಗೆ ನಿಲ್ಲುತ್ತಾರೆ. ಬಿಸಿಲಿದ್ದರೂ ಜಗುಲಿಗೆ ಹತ್ತುವುದಿಲ್ಲ. ಅವರಿಗೆ ಬೇಕಾಗಿದ್ದ ಉತ್ತರ ನನಗೊಬ್ಬಳಿಗೇ ಗೊತ್ತು. ಹೇಳಿಯೂ ಆಗಿದೆ. ಬಸ್ಸು ಬರುವ ತನಕ ನಾನು ಜೆರಾಕ್ಸ್ ಮೆಶಿನಿನ ಹಿಂದೆ ಏನೋ ಹುಡುಕುವವಳ ಹಾಗೆ ಬಗ್ಗಿಕೊಂಡಿರುತ್ತೇನೆ.