ಸರಳಾ ಅವರ ಅಂಗಳದ ಗರಿಕೆ

ದೆಹಲಿಯ ಆರ್.ಕೆ.ಪುರಂನ ಮೂರನೇ ಮಹಡಿಯ ಸರ್ಕಾರಿ ಮನೆಯಲ್ಲಿ ಹದಿನೈದು ವರ್ಷ ಸಂಸಾರ ಮಾಡಿದ್ದ ಸರಳಾ, 2002ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಕೆಳಗಿನ ನಲ್ಲಿಯಿಂದ ನೀರು ತರುವಾಗ ಮೆಟ್ಟಿಲಲ್ಲಿ ಜಾರಿ ಬಿದ್ದರು. ಬಲತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಒಳಗೊಂದು ಉಕ್ಕಿನ ಪಟ್ಟಿ ಕೂರಿಸಿ ಕಳಿಸಿದರು. ನಾಲ್ಕು ಜನ ಕುರ್ಚಿಸಮೇತ ಎತ್ತಿ ಮಹಡಿ ಹತ್ತಿಸಿದ ಮೇಲೆ, ಡಾಕ್ಟರಿಗೆ ತೋರಿಸುವ ದಿನ ಬಿಟ್ಟರೆ ಏಳು ತಿಂಗಳು ಅವರು ನೆಲ ಮುಟ್ಟಲಿಲ್ಲ.

ಗಂಡ ಬಸವಲಿಂಗಪ್ಪನವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಚಿತ್ರದುರ್ಗದ ಕಡೆಯವರು, ಮಾತು ಕಡಿಮೆ. ಬೆಳಿಗ್ಗೆ ಎದ್ದು ಅನ್ನ-ಸಾರು ಮಾಡಿಟ್ಟು ಬಸ್ಸು ಹಿಡಿಯುತ್ತಿದ್ದರು. ಸಂಜೆ ಮಗಳು ಧಾರಿಣಿ ಕಾಲೇಜಿನಿಂದ ಬಂದು ಚಪಾತಿ ಲಟ್ಟಿಸುತ್ತಿದ್ದಳು. ಇಬ್ಬರೂ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಸರಳಾ ಅವರಿಗೆ ಕಷ್ಟವಾದದ್ದೇ ಅದು. ನಲವತ್ತಾರು ವಯಸ್ಸಿನವರೆಗೆ ಇನ್ನೊಬ್ಬರ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡವರಲ್ಲ ಅವರು. ಈಗ ಊಟ, ಸ್ನಾನ, ತಲೆ ಬಾಚುವುದು ಎಲ್ಲಕ್ಕೂ ಇನ್ನೊಬ್ಬರ ದಾರಿ ಕಾಯಬೇಕು. ಬರಬರುತ್ತಾ ಅವರು ಏನನ್ನೂ ಕೇಳುವುದನ್ನೇ ಬಿಟ್ಟರು. ಸಾರಿಗೆ ಉಪ್ಪು ಕಮ್ಮಿಯಾದರೂ ಸುಮ್ಮನೆ ಉಣ್ಣುತ್ತಿದ್ದರು.

ವೈದ್ಯಕೀಯ ಕಾರಣದ ಮೇಲೆ ಕೊಟ್ಟ ಅರ್ಜಿ ಮಂಜೂರಾಗಿ, 2003ರ ಮಾರ್ಚ್‌ನಲ್ಲಿ ಕಿದ್ವಾಯಿ ನಗರದಲ್ಲಿ ನೆಲಮಹಡಿಯ ಮನೆ ಸಿಕ್ಕಿತು. ಮನೆಯ ಮುಂದೆ ಮೆಹಂದಿ ಬೇಲಿ ಹಾಕಿದ ಪುಟ್ಟ ಲಾನ್. ಲಾನ್ ಅನ್ನುವುದು ಹೆಸರಿಗಷ್ಟೇ. ನಡುವೆ ನೆಲ ಬೋಳಾಗಿ ಸಿಮೆಂಟಿನಂತೆ ಗಟ್ಟಿಯಾಗಿತ್ತು, ಅಂಚಿನಲ್ಲಿ ಸೊಂಟದೆತ್ತರ ಪಾರ್ಥೇನಿಯಂ ಬೆಳೆದಿತ್ತು, ಉಳಿದಲ್ಲೆಲ್ಲ ಜೇಕಿನ ಕಳೆ. ಯಾರೋ ಅಡುಗೆಮನೆ ಒಡೆಸಿದಾಗ ಸುರಿದ ಇಟ್ಟಿಗೆ ಚೂರು ಮೂಲೆಯಲ್ಲಿ ಗುಡ್ಡೆ ಬಿದ್ದಿತ್ತು. ಆದರೂ ಆಟೋದಿಂದ ಇಳಿದ ಸರಳಾ ಕೋಲೂರಿಕೊಂಡು ಮನೆಯೊಳಕ್ಕೆ ಹೋಗದೆ ಅಲ್ಲೇ ನಿಂತರು. ಏಳು ತಿಂಗಳ ಮೇಲೆ ಕಾಲಿಗೆ ಮಣ್ಣು ತಾಗಿತ್ತು.

ಬಸವಲಿಂಗಪ್ಪನವರು ಅದನ್ನು ಗಮನಿಸಿದ್ದರು. ಹೆಂಡತಿಗೆ ಸಂತೋಷವಾಗಲೆಂದು ಏಪ್ರಿಲ್‌ನಲ್ಲಿ ನರ್ಸರಿಯೊಂದರಿಂದ ಚೌಕ ಚೌಕವಾಗಿ ಕತ್ತರಿಸಿದ ಹುಲ್ಲಿನ ಹಾಸು ತರಿಸಿ, ಕಳೆಯನ್ನು ಮೇಲೆ ಮೇಲೆ ಸವರಿಸಿ, ಹಾಸಿಸಿಬಿಟ್ಟರು. ಒಂದು ವಾರ ಎಲ್ಲರ ಕಣ್ಣೂ ತಂಪಾಯಿತು. ಮೇ ತಿಂಗಳ ಬಿಸಿಗಾಳಿ ಶುರುವಾದದ್ದೇ, ದಿನಕ್ಕೆರಡು ಹೊತ್ತು ನೀರು ಬಿಟ್ಟರೂ ಹಾಸು ಅಂಚಿನಿಂದ ಒಣಗುತ್ತಾ ಬಂತು. ಅದರ ಸೀಳುಗಳಿಂದ ಜೇಕು ಮಾತ್ರ ಈಟಿಯಂತೆ ಮೇಲೆದ್ದಿತು. ತಿಂಗಳ ಕೊನೆಗೆ ಒಣ ಚಾಪೆಯ ಮೇಲೆ ಕಳೆ ಬೆಳೆದಂತೆ ಕಾಣುತ್ತಿತ್ತು.

ಬಸವಲಿಂಗಪ್ಪನವರಿಗೆ ಬೇಸರವಾಗಿಹೋಯಿತು. ಈ ನೆಲದ ಹಣೆಬರಹವೇ ಇಷ್ಟು, ಸಿಮೆಂಟು ಹಾಕಿಸಿಬಿಡೋಣ, ನಿನಗೆ ನಡೆಯಲಿಕ್ಕೂ ಸಮನಾಗಿರುತ್ತೆ, ನನಗೆ ಸ್ಕೂಟರ್ ನಿಲ್ಲಿಸಲಿಕ್ಕೂ ಆಗುತ್ತೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಬೇಡ ರೀ," ಎಂದರು ಸರಳಾ.

ತಿಂಗಳುಗಳ ಮೇಲೆ ಆಕೆ ಒಂದು ಮಾತಿಗೆ ಬೇಡ ಎಂದದ್ದು ಅದೇ ಮೊದಲು. ಬಸವಲಿಂಗಪ್ಪನವರು ಹೆಂಡತಿಯ ಮುಖ ನೋಡಿ, ಆಗಲಿ ಎಂದರು.

ಎದುರಿನ ಪಾರ್ಕಿನ ಸರ್ಕಾರಿ ಮಾಲಿ ಛೇದಿಲಾಲ್ ಇವರ ಬಾಗಿಲಿಗೆ ಬಂದದ್ದು ಅದೇ ವಾರ. ಬಂದರು ಅನ್ನುವುದಕ್ಕಿಂತ, ದಾರಿಯಲ್ಲಿ ಹೋಗುತ್ತಿದ್ದವರು ಒಣಗಿದ ಹಾಸು ಕಂಡು ತಡೆಯಲಾರದೆ ನಿಂತರು. ಉತ್ತರ ಪ್ರದೇಶದ ಮಹೋಬಾ ಕಡೆಯ ಸಣಕಲು ಮನುಷ್ಯ, ನಿವೃತ್ತಿಗೆ ಆರು ತಿಂಗಳಿತ್ತು. ಬೇಲಿಯ ಆಚೆಯಿಂದಲೇ, ಈ ಬಿಸಿಲಲ್ಲಿ ಹುಲ್ಲು ಹಾಕಿದವರು ಯಾರು ಎಂದು ಕೇಳಿದರು. ಬಾಗಿಲಲ್ಲಿ ಕೂತಿದ್ದ ಸರಳಾ ನಾವೇ ಎಂದು ಒಪ್ಪಿಕೊಂಡರು. ಛೇದಿಲಾಲ್ ಒಳಗೆ ಬಂದು ಒಂದು ಇಟ್ಟಿಗೆ ಚೂರನ್ನು ಮಗುಚಿದರು. ಅದರಡಿಯಲ್ಲಿ ಬಿಳಿಚಿಕೊಂಡ ಒಂದು ಬಳ್ಳಿ ನೆಲಕ್ಕೆ ಅಂಟಿಕೊಂಡಿತ್ತು, ಗೆಣ್ಣು ಗೆಣ್ಣಿಗೂ ಬೇರು. ಅವರು ಅದನ್ನು ದೂಬ್ ಎಂದರು. ಸರಳಾ ಬಗ್ಗಿ ನೋಡಿದರೆ, ಅದು ಗರಿಕೆ.

ಗಣಪತಿ ಹಬ್ಬಕ್ಕೆ ಹುಡುಕಿಕೊಂಡು ಹೋಗುತ್ತಿದ್ದ ಗರಿಕೆ ಮನೆ ಬಾಗಿಲಲ್ಲೇ, ಇಟ್ಟಿಗೆಯ ಕೆಳಗೆ ಜೀವ ಹಿಡಿದುಕೊಂಡಿತ್ತು. ಈ ಊರಿನ ನೆಲಕ್ಕೆ ಇದೇ ಹುಲ್ಲು, ಕೊಂಡು ತಂದದ್ದಲ್ಲ ಎಂದು ಛೇದಿಲಾಲ್ ವಿವರಿಸಿದರು. ಜೂನಿನಲ್ಲಿ ಒಂದು ಅಡಿ ಅಗೆದು ಹೆಂಟೆಯನ್ನು ಬಿಸಿಲಿಗೆ ಬಿಡಬೇಕು. ಆಮೇಲೆ ನೀರು ಬಿಟ್ಟು ಕಳೆಯನ್ನು ತಾನಾಗಿ ಮೊಳೆಯಲು ಬಿಡಬೇಕು. ಮೊಳೆತದ್ದನ್ನು ಗಡ್ಡೆಸಮೇತ ಕೀಳಬೇಕು, ಹೀಗೆ ಎರಡು ಸಲ. ಗೊಬ್ಬರ ಬೆರೆಸಿ, ಮಳೆ ಹಿಡಿದ ಮೇಲೆ ಗರಿಕೆ ಬೇರು ನೆಡಬೇಕು.

"ಜೇಕಿನ ಒಂದು ಗಡ್ಡೆ ಉಳಿದರೂ ಹತ್ತಾಗುತ್ತೆ, ಬಹೂಜಿ," ಎಂದರು. "ಕೂಲಿಯವರು ಮೇಲೆ ಕಿತ್ತು ಹೋಗುತ್ತಾರೆ. ಇದು ಮನೆಯವರು ಕೂತು ಮಾಡುವ ಕೆಲಸ."

ಸರಳಾ ತಮ್ಮ ಕಾಲು ತೋರಿಸಿದರು. ಕುಕ್ಕರಗಾಲಲ್ಲಿ ಕೂರಲಾಗದು, ಹೆಚ್ಚು ಬಗ್ಗಲೂ ಆಗದು. ಛೇದಿಲಾಲ್ ಅಯ್ಯೋ ಪಾಪ ಎನ್ನಲಿಲ್ಲ. ಕೂರಲು ಎಷ್ಟು ಎತ್ತರ ಬೇಕು ಎಂದಷ್ಟೇ ಕೇಳಿದರು. ಮರುದಿನ ಅವರ ಕೈಯಲ್ಲೊಂದು ಖುರ್ಪಿ ಇತ್ತು. ಕಳೆ ಕೀಳುವ ಆ ಗಿಡ್ಡ ಹಿಡಿಯ ಸಲಕರಣೆಗೆ ಹಳೆಯ ಹಿಡಿ ತೆಗೆದು, ತೋಳುದ್ದದ ಬಿದಿರು ಕೂರಿಸಿ ತಂತಿ ಸುತ್ತಿ ತಂದಿದ್ದರು. ಧಾರಿಣಿ ಜೊಂಡಿನಲ್ಲಿ ಹೆಣೆದ ಮೂಢಾ ಎಂಬ ಪೀಠವೊಂದನ್ನು ಹೊರಗೆ ತಂದಿಟ್ಟಳು. ಅದರ ಮೇಲೆ ಕೂತರೆ ಖುರ್ಪಿಯ ಅಲಗು ಸರಿಯಾಗಿ ನೆಲಕ್ಕೆ ಮುಟ್ಟುತ್ತಿತ್ತು.

ಅಗೆದದ್ದು ಅಪ್ಪ ಮತ್ತು ಮಗಳು, ಎರಡು ಭಾನುವಾರ. ನೀರು ಬಿಟ್ಟ ನಾಲ್ಕೈದು ದಿನಕ್ಕೆ ಜೇಕು ಸೂಜಿಯಂತೆ ಎದ್ದುಬಂತು. ಮೊದಲ ದಿನ ಸರಳಾ ಕಾಲು ಗಂಟೆ ಕೂತರು. ಮಣ್ಣು ಕೆದಕಿ, ಗಡ್ಡೆಯ ದಾರದಂಥ ಕಪ್ಪು ಬೇರು ಕಡಿಯದಂತೆ ಎಳೆದು, ಡಬ್ಬಿಗೆ ಹಾಕಿದರು. ಮೂರು ಗೇಣು ಜಾಗ ಆಗುವಷ್ಟರಲ್ಲಿ ಭುಜ ಸೋತು, ತೊಡೆ ಉರಿಯತೊಡಗಿತು. ರಾತ್ರಿ ಬಸವಲಿಂಗಪ್ಪನವರು ಎಣ್ಣೆ ತಿಕ್ಕುತ್ತಾ, ನಾಳೆಯಿಂದ ಇದು ಬೇಡ ಎಂದರು.

"ಈ ಮನೆಯಲ್ಲಿ ನಾನು ಮಾಡಬೇಕಾದ ಕೆಲಸ ಅಂತ ಒಂದು ಸಿಕ್ಕಿದೆ," ಎಂದರು ಸರಳಾ. "ಅದನ್ನೂ ನೀವೇ ಮಾಡಿಬಿಡಬೇಡಿ."

ಆ ಮೇಲೆ ಯಾರೂ ತಡೆಯಲಿಲ್ಲ. ಬೆಳಿಗ್ಗೆ ಆರಕ್ಕೆ, ಬಿಸಿಲೇರುವ ಮುಂಚೆ, ಸರಳಾ ಹೊರಗಿರುತ್ತಿದ್ದರು. ಒಂದು ಗೇಣು ಮುಗಿದರೆ ಎದ್ದು, ಮೂಢಾ ಸರಿಸಿ, ಮತ್ತೆ ಕೂರುವುದು. ದಿನಕ್ಕೆ ಹತ್ತು ಸಲ ಇದ್ದದ್ದು ಇಪ್ಪತ್ತಾಯಿತು, ನಲವತ್ತಾಯಿತು. ಪಾರ್ಕಿಗೆ ಹೋಗುವಾಗ ಛೇದಿಲಾಲ್ ಡಬ್ಬಿಯೊಳಗೆ ಕೈಹಾಕಿ ನೋಡುತ್ತಿದ್ದರು. ಗಡ್ಡೆಯಿಲ್ಲದ ಬರಿ ಎಲೆ ಕಂಡರೆ ಅದನ್ನೆತ್ತಿ ತೋರಿಸಿ ತಲೆಯಾಡಿಸುತ್ತಿದ್ದರು. ಅವತ್ತು ಸರಳಾ ಆ ಜಾಗಕ್ಕೆ ಮತ್ತೆ ಹೋಗಿ ಅಗೆಯುತ್ತಿದ್ದರು. ಹಾದುಹೋಗುವ ಹೆಂಗಸರು ಬೇಲಿಯ ಬಳಿ ನಿಂತು ಮಾತಾಡಿಸತೊಡಗಿದರು. ಮಹಡಿಯ ಮೇಲಿದ್ದಾಗ ಹದಿನೈದು ವರ್ಷದಲ್ಲಿ ಆಗದಷ್ಟು ಪರಿಚಯ ಆ ಒಂದು ತಿಂಗಳಲ್ಲಿ ಆಯಿತು.

ಜುಲೈ ಎರಡನೇ ವಾರ ಮಳೆ ಹಿಡಿಯಿತು. ಛೇದಿಲಾಲ್ ಪಾರ್ಕಿನ ಅಂಚು ಕತ್ತರಿಸಿದಾಗ ಎಸೆಯಬೇಕಾದ ಗರಿಕೆಯನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿ ಹೊತ್ತು ತಂದರು. ನಾಲ್ಕು ಬೆರಳಿಗೊಂದು ಬೇರು. ಬಸವಲಿಂಗಪ್ಪನವರು ರಜೆ ಹಾಕಿ, ಪ್ಯಾಂಟು ಮಡಚಿಕೊಂಡು ಕೆಸರಲ್ಲಿ ಮಂಡಿಯೂರಿದರು. ಛೇದಿಲಾಲ್ ಹಗ್ಗ ಎಳೆದು ಸಾಲು ತೋರಿಸಿದರು. ಬೇಲಿಯ ಕಡೆಯ ಸಾಲುಗಳನ್ನೆಲ್ಲ ಸರಳಾ ಕೂತಲ್ಲಿಂದಲೇ ನೆಟ್ಟರು.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟ ಧಾರಿಣಿ ಗೇಟಿನ ಬಳಿ ನಿಂತುಬಿಟ್ಟಳು.

"ಅಮ್ಮ, ನಿನ್ನ ಛಡಿ ಕಹಾಂ ಹೈ?"

ಕೋಲು ಬಾಗಿಲ ಪಕ್ಕದಲ್ಲಿತ್ತು. ಸರಳಾ ಲಾನಿನ ಆ ತುದಿಯಲ್ಲಿದ್ದರು. ಅಲ್ಲಿಗೆ ಹೇಗೆ ಹೋದೆನೆಂದು ಅವರಿಗೂ ಗೊತ್ತಿರಲಿಲ್ಲ. ಮಗಳು ಬಸ್ಸು ತಪ್ಪಿಸಿಕೊಂಡು, ಅಮ್ಮ ವಾಪಸು ನಡೆದು ಬರುವುದನ್ನು ನಿಂತು ನೋಡಿದಳು. ಸರಳಾ ಕುಂಟುತ್ತಲೇ ಬಂದರು. ಬಲಗಾಲು ಅರ್ಧ ಇಂಚು ಗಿಡ್ಡವಾಗಿದೆ, ಅದು ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಉಳಿಯಿತು ಕೂಡ.

ಅಕ್ಟೋಬರ್ ಹೊತ್ತಿಗೆ ಗರಿಕೆ ನೆಲ ಮುಚ್ಚಿತು. ಬೇಲಿಯಾಚೆಯ ಬೇವಿನ ಮರದ ನೆರಳಲ್ಲಿ ಮಾತ್ರ ಒಂದು ಜಾಗ ಬೋಳಾಗಿಯೇ ಇತ್ತು. ಎರಡು ಸಲ ನೆಟ್ಟರೂ ಹಿಡಿಯಲಿಲ್ಲ. ನೆರಳಲ್ಲಿ ಅದು ಬರುವುದಿಲ್ಲ, ಬಿಟ್ಟುಬಿಡಿ ಎಂದರು ಛೇದಿಲಾಲ್. ಜೇಕು ಆಗಾಗ ಒಂದೆರಡು ಕಡೆ ತಲೆಯೆತ್ತುತ್ತಿತ್ತು. ಸರಳಾ ಹೋಗಿ ಕೀಳುತ್ತಿದ್ದರು.

ನವೆಂಬರ್ ಕೊನೆಯಲ್ಲಿ ಛೇದಿಲಾಲ್ ನಿವೃತ್ತರಾದರು. ಊರಿಗೆ ಹೊರಡುವ ಮುಂಚಿನ ಭಾನುವಾರ ಅವರನ್ನು ಸರಳಾ ಊಟಕ್ಕೆ ಕರೆದರು. ಅಪಘಾತದ ನಂತರ ಮೊದಲ ಬಾರಿಗೆ ಇಡೀ ಅಡುಗೆ ತಾವೇ ಮಾಡಿದ್ದರು, ಹೋಳಿಗೆಸಮೇತ. ಎಳೆಬಿಸಿಲಿತ್ತು. ಲಾನಿನ ಮೇಲೆ ಜಮಖಾನೆ ಹಾಸಿದರು. ಛೇದಿಲಾಲ್ ಬೇಲಿಯ ಬಳಿಯೇ ನಿಂತಿದ್ದರು. ಬನ್ನಿ ಎಂದು ಎರಡು ಸಲ ಕರೆದ ಮೇಲೆ ಚಪ್ಪಲಿ ಕಳಚಿ, ಜಮಖಾನೆಯ ಮೇಲಲ್ಲ, ಹುಲ್ಲಿನ ಮೇಲೆಯೇ ಕೂತರು. ಸ್ವಲ್ಪ ಹೊತ್ತು ಅಂಗೈಯಿಂದ ಗರಿಕೆ ಸವರುತ್ತಿದ್ದರು.

"ಮೂವತ್ತೈದು ವರ್ಷ ಸಾಹೇಬರ ಬಂಗಲೆಗಳಲ್ಲಿ, ಪಾರ್ಕುಗಳಲ್ಲಿ ಹುಲ್ಲು ಬೆಳೆಸಿದೆ, ಬಹೂಜಿ," ಎಂದರು ಉಣ್ಣುತ್ತಾ. "ಅದರ ಮೇಲೆ ಕೂತು ಊಟ ಮಾಡಿದ್ದು ಇವತ್ತೇ."

ಸರಳಾ ಏನೇನೋ ಹೇಳಬೇಕೆಂದಿದ್ದರು. ಹಿಂದಿಯಲ್ಲಿ ಮಾತು ಜೋಡಿಸಿಕೊಂಡೂ ಇದ್ದರು. ಕೊನೆಗೆ ಬಂದದ್ದು ಒಂದೇ: "ಎಲ್ಲರೂ ನನಗೆ ಕೂತಿರು ಅಂದರು, ಭಯ್ಯಾ. ನೀವು ಕೆಲಸ ಕೊಟ್ಟಿರಿ." ಛೇದಿಲಾಲ್ ತಲೆತಗ್ಗಿಸಿ ನಕ್ಕು, ಇನ್ನೊಂದು ಹೋಳಿಗೆಗೆ ತಟ್ಟೆ ಮುಂದೆ ಮಾಡಿದರು.

ಜನವರಿಯ ಮಂಜಿನಲ್ಲಿ ಲಾನ್ ಪೂರ್ತಿ ಕಂದಾಯಿತು. ಈ ಸಲ ಬಸವಲಿಂಗಪ್ಪನವರು ಸಿಮೆಂಟಿನ ಮಾತೆತ್ತಲಿಲ್ಲ, ಆದರೆ ದಿನಾ ಬೆಳಿಗ್ಗೆ ಗೇಟಿನ ಬಳಿ ನಿಂತು ನಿಟ್ಟುಸಿರು ಬಿಡುತ್ತಿದ್ದರು. ಅಷ್ಟರಲ್ಲಿ ಮಹೋಬಾದಿಂದ ಒಂದು ಪೋಸ್ಟ್‌ಕಾರ್ಡ್ ಬಂತು, ಯಾರ ಕೈಯಲ್ಲೋ ಬರೆಸಿದ್ದು. ಚಳಿಗೆ ದೂಬ್ ಮಲಗುತ್ತದೆ, ಸತ್ತಿತೆಂದು ಅಗೆಯಬೇಡಿ, ಹೋಳಿ ಕಳೆದ ಮೇಲೆ ನೋಡಿ ಎಂದಿತ್ತು. ಸರಳಾ ಅದನ್ನು ಗಂಡನಿಗೆ ಓದಿ ಹೇಳಿ, ಉತ್ತರವನ್ನು ತಾವೇ ಬರೆಯಲು ಕೂತರು. ಅಷ್ಟು ವರ್ಷ ದೆಹಲಿಯಲ್ಲಿದ್ದರೂ ಹಿಂದಿಯಲ್ಲಿ ಒಂದು ಕಾಗದ ಬರೆದವರಲ್ಲ. ಧಾರಿಣಿ ಪಕ್ಕದಲ್ಲಿ ಕೂತು ಕಾಗುಣಿತ ತಿದ್ದಿದಳು. ಅಗೆದಿಲ್ಲ, ಕಾಯುತ್ತಿದ್ದೇವೆ, ಮಳೆಗಾಲಕ್ಕೆ ಹಿಂದಿನ ಬ್ಲಾಕಿನ ಇಬ್ಬರು ಹೆಂಗಸರು ಬೇರು ಕೇಳಿದ್ದಾರೆ, ಕೊಡುತ್ತೇನೆ ಎಂದು ಬರೆದರು. ಕೆಳಗೆ ಸಹಿ ಮಾಡಿ, ಕಾರ್ಡನ್ನು ಪೆಟ್ಟಿಗೆಗೆ ಹಾಕಲು ರಸ್ತೆಯ ತಿರುವಿನವರೆಗೆ ಒಬ್ಬರೇ ನಡೆದುಹೋದರು.